ಅಜ್ಜನಿಗೆಂದು ಇಳಿಸಿದ ಕಳ್ಳು

ಆ ಬೆಳಿಗ್ಗೆ ಮಸ್ಕತ್ತಿನ ಘಾಲಾದಲ್ಲಿ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆಗಸ್ಟಿನ ಕಡಲ ತೇವ ಗ್ಯಾರೇಜುಗಳ ತಗಡಿಗೆ ಅಂಟಿಕೊಂಡು, ಏಳು ಗಂಟೆಗೇ ಸೂರಿನ ಅಂಚಿನಿಂದ ಹನಿ ಬೀಳುತ್ತಿತ್ತು. ಮಳೆಯಲ್ಲ, ತಗಡು ಬೆವರುವುದು. ಭೋಜರಾಜ ಮೊಣಕಾಲೂರಿ, ಮೆಕ್ಯಾನಿಕ್ ದೇಜಪ್ಪನ ಚಟ್ಟಕ್ಕೆಂದು ತಂದ ಖರ್ಜೂರದ ಗರಿಯ ದಿಂಡುಗಳನ್ನು ಹಗ್ಗದಿಂದ ಬಿಗಿಯುತ್ತಿದ್ದ. ಒದ್ದೆ ಕೈಯಲ್ಲಿ ಗಂಟು ಜಾರುತ್ತಿತ್ತು.

"ಎಂತ ಮಾರಾಯ, ಫೈಲಿಗೆ ದಾರ ಕಟ್ಟಿದ ಹಾಗೆ ಕಟ್ತೀಯಲ್ಲ! ಆಫೀಸಿನ ಕೈ. ಇಲ್ಲಿ ಕೊಡು," ಎಂದು ತುಕ್ರ ಹಗ್ಗ ಎಳೆದುಕೊಂಡ. ದೇಜಪ್ಪ ರಿಪೇರಿ ಮಾಡಿದ ಗಾಡಿಗಳಿಗೆ ಹದಿಮೂರು ವರ್ಷ ಬಣ್ಣ ಹೊಡೆದವನು ಅವನು. "ಬಿದಿರು ಸಿಗದ ಊರಲ್ಲಿ ಸಾಯಬೇಡ ಅಂತ ಇವನಿಗೆ ಎಷ್ಟು ಸಲ ಹೇಳಿದ್ದೆ. ಖರ್ಜೂರದ ಮರ ಹತ್ತಿ ಜೈಲಿಗೆ ಹೋದ, ಈಗ ಖರ್ಜೂರವೇ ಹೊತ್ತುಕೊಂಡು ಹೋಗುದು. ಕಳ್ಳು ದೇಜಪ್ಪ ಅಂದ್ರೆ ಸುಮ್ಮನೆಯಾ?"

ಸುತ್ತ ನಿಂತಿದ್ದವರಲ್ಲಿ ಒಬ್ಬಿಬ್ಬರು ನಕ್ಕು, ನಕ್ಕದ್ದಕ್ಕೆ ನಾಚಿ ನೆಲ ನೋಡಿದರು. ತುಕ್ರನ ಕಣ್ಣೂ ಕೆಂಪಾಗಿತ್ತು. ದೇಜಪ್ಪ ಮೊನ್ನೆ ಮಧ್ಯಾಹ್ನ ಲಾರಿಯ ಅಡಿಯಲ್ಲಿ ಮಲಗಿ ತುಕ್ರನ ಹತ್ತಿರವೇ ಸ್ಪ್ಯಾನರು ಕೇಳಿದ್ದ. ಕೊಟ್ಟ ಸ್ಪ್ಯಾನರನ್ನು ಹಿಡಿಯಲಿಲ್ಲ.

ಭೋಜರಾಜ ನಗಲಿಲ್ಲ. ಅವನ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆ ಇತ್ತು. ಎರಡು ವರ್ಷದಿಂದ ಸಹಿಗೆ ಕಾದ ಹಾಳೆ. ಬೆಳಿಗ್ಗೆ ಅಂಗಿ ಕೊಡುವಾಗ ಹೆಂಡತಿ ದಮಯಂತಿಯೇ ಅದನ್ನು ಕಪಾಟಿನಿಂದ ತೆಗೆದು ಜೇಬಿಗಿಟ್ಟಿದ್ದಳು.

*

ಅದು ಎಂಬತ್ತಾರನೆಯ ಇಸವಿ. ದಮಯಂತಿಗೆ ಎರಡು ಸಲ ಬಸಿರು ಇಳಿದು ಹೋಗಿತ್ತು. ಮೂರನೆಯದು ನಿಂತಾಗ ಭೋಜರಾಜ ಊರಿನ ಕಡೆ ಮುಖಮಾಡಿ, ಇದೊಂದನ್ನು ಉಳಿಸಿಕೊಡು ಎಂದು ಕೊರಗಜ್ಜನಿಗೆ ಹರಕೆ ಹೊತ್ತ. ಅಜ್ಜ ಹೆಚ್ಚು ಬೇಡುವ ದೈವವಲ್ಲ. ಅವನಿಗೆ ಚಕ್ಕುಲಿ, ವೀಳ್ಯ, ಒಂದು ಕುಡ್ತೆ ಕಳ್ಳು ಸಾಕು. ಆದರೆ ಮಸ್ಕತ್ತಿನಲ್ಲಿ ಕಳ್ಳು ಎಲ್ಲಿಯದು?

"ಬಾಟ್ಲಿಯದ್ದು ಅಜ್ಜನಿಗೆ ಆಗ್ಲಿಕ್ಕಿಲ್ಲ ಭೋಜಣ್ಣ. ಮರದಿಂದ ಇಳಿದದ್ದೇ ಆಗಬೇಕು," ಎಂದ ದೇಜಪ್ಪ. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲ ತೆಂಗು ಹತ್ತಿ ಕಳ್ಳು ಇಳಿಸುವ ಮೂರ್ತೆ ಮಾಡಿದವರು. ಗ್ಯಾರೇಜಿನ ಹಿಂದೆ, ಒಣಹಳ್ಳದ ದಂಡೆಯಲ್ಲಿ, ಒಬ್ಬ ಮುದುಕನ ಖರ್ಜೂರದ ಮರವಿತ್ತು. ದೇಜಪ್ಪ ಅದನ್ನೇ ನೋಡುತ್ತ, "ಮರ ಮರವೇ ಅಲ್ವಾ? ತೆಂಗಿಗೆ ತಿಳಿಯುವ ಮಾತು ಇದಕ್ಕೆ ತಿಳಿಯದಾ?" ಎಂದ.

ಮೂರು ಮುಂಜಾವು ಮರ ಹತ್ತಿ ಕೆತ್ತಿ, ತಟ್ಟಿ, ಡಬ್ಬ ಕಟ್ಟಿದ. ಆದರೆ ಆ ನಾಡಿನಲ್ಲಿ ಖರ್ಜೂರದ ಮರವೆಂದರೆ ಮನೆಯ ಮಗಳಿದ್ದಂತೆ. ಅದರ ನೆತ್ತಿಗೆ ಯಾರೂ ಕತ್ತಿ ತಾಗಿಸುವುದಿಲ್ಲ. ಇದನ್ನು ಇಬ್ಬರೂ ಯೋಚಿಸಲಿಲ್ಲ. ಮರದ ಸುಳಿ ಬಾಡಿದ್ದನ್ನು ಕಂಡ ಮುದುಕ ದೂರು ಕೊಟ್ಟ. ನಾಲ್ಕನೆಯ ಬೆಳಿಗ್ಗೆ ದೇಜಪ್ಪ ನೊರೆಯುಕ್ಕುವ ಡಬ್ಬ ಹಿಡಿದು ಇಳಿಯುವಾಗ ಬುಡದಲ್ಲಿ ಪೊಲೀಸರಿದ್ದರು. ಭೋಜರಾಜ ಇಪ್ಪತ್ತು ಹೆಜ್ಜೆ ಆಚೆ, ಚಕ್ಕುಲಿಯ ಪೊಟ್ಟಣ ಹಿಡಿದು ನಿಂತಿದ್ದ. ದೇಜಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. "ನಂದೇ. ಕುಡಿಲಿಕ್ಕೆ," ಎಂದು ತನಗೆ ಬರುವ ನಾಲ್ಕು ಅರಬಿ ಮಾತಿನಲ್ಲಿ ಹೇಳಿ, ಅವರು ಕಾಗದದಲ್ಲಿ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದ.

ಮೂರು ತಿಂಗಳು ಜೈಲು. ಬಂದವನು ಮೊದಲು ಕೇಳಿದ್ದು, "ದಮಯಂತಕ್ಕ ಹೇಗಿದ್ದಾರೆ?"

ವೀಸಾ ಕೊಟ್ಟು ಕರೆಸಿಕೊಂಡ ಕಫೀಲ್ ಒಳ್ಳೆಯವನು, ಕೆಲಸ ಬಿಡಿಸಲಿಲ್ಲ. ಆದರೆ ಪೊಲೀಸರ ಪುಸ್ತಕದಲ್ಲಿ ಹೆಸರು ಉಳಿಯಿತು. ದೇಶ ಬಿಟ್ಟು ಹೊರಟರೆ ಮತ್ತೆ ಒಳಗೆ ಬಿಡುವುದಿಲ್ಲ ಎಂದರು. ಊರಿನಲ್ಲಿ ಅವನ ದುಡಿಮೆಯನ್ನೇ ನಂಬಿ ಏಳು ಬಾಯಿ. ದೇಜಪ್ಪ ಹೊರಡಲಿಲ್ಲ. ಒಂದು ವರ್ಷ, ಎರಡು, ಹನ್ನೊಂದು. ತಾಯಿ ತೀರಿಕೊಂಡಾಗಲೂ ಗ್ಯಾರೇಜಿನ ಹಿಂದಿನ ಹಳ್ಳದಲ್ಲೇ ತಲೆ ಬೋಳಿಸಿಕೊಂಡ.

*

ಹಿಂದೂ ಸ್ಮಶಾನ ಬೋಳುಗುಡ್ಡದ ಬುಡದಲ್ಲಿತ್ತು. ಆಸ್ಪತ್ರೆಯ ಗಾಡಿಯಿಂದ ಹೆಣ ಇಳಿಸಿ ಚಟ್ಟದ ಮೇಲೆ ಮಲಗಿಸುವಷ್ಟರಲ್ಲಿ ರಾಜಗೋಪಾಲ ಬಂದ. ರೂವಿ ಪೇಟೆಯಲ್ಲಿ ಒಬ್ಬ ಒಮಾನಿ ವಕೀಲರ ಬಳಿ ಅರ್ಜಿ ಬರೆಯುವ ಮೈಸೂರಿನವನು. ದೇಜಪ್ಪನ ಕೇಸು ನೋಡಿದವನು. ಅವನ ಕಂಕುಳಲ್ಲಿ ಹಸಿರು ಫೈಲು.

"ವಸಂತಿಗೆ ಫೋನ್ ಸಿಕ್ಕಿತಾ?" ಎಂದು ಭೋಜರಾಜ ತುಕ್ರನನ್ನು ಕೇಳಿದ. ವಸಂತಿ ದೇಜಪ್ಪನ ಹೆಂಡತಿ.

"ಸಿಕ್ಕಿತು. ಅಳಲಿಲ್ಲ ಅವಳು. ಕೇಳಿದ್ದು ಒಂದೇ: ಬೂದಿಗೆ ಕೇಸು ಇಲ್ಲ ಅಲ್ವಾ ತುಕ್ರಣ್ಣ, ಅದನ್ನಾದರೂ ಬಿಡ್ತಾರಲ್ಲ?" ತುಕ್ರ ಬೈರಾಸಿನಿಂದ ಮುಖ ಒರೆಸಿಕೊಂಡು ಸೌದೆಯ ಕಡೆ ಹೋದ.

ಭೋಜರಾಜ ರಾಜಗೋಪಾಲನನ್ನು ಗೋಡೆಯ ನೆರಳಿಗೆ ಕರೆದ. ಹಾಳೆ ತೆಗೆದು ಬಿಡಿಸಿದ.

"ಈಗ ಸಹಿ ಹಾಕಿದ್ರೆ ಆಗ್ತದಾ ಸರ್?"

ರಾಜಗೋಪಾಲ ಹಾಳೆಯನ್ನೂ ಅವನ ಮುಖವನ್ನೂ ನೋಡಿದ. "ಏನ್ರೀ ಭೋಜರಾಜ್... ಎರಡು ವರ್ಷದ ಹಿಂದೆ ನಾನೇ ಟೈಪ್ ಮಾಡಿಸಿದ್ದಲ್ವಾ ಇದು? ಶಿಕ್ಷೆ ಮುಗಿದ ಮೇಲೆ ಒಂದು ಕಪ್ಪು ಚುಕ್ಕೆ ಇಲ್ದೆ ಬದುಕಿದಾನೆ, ದಾಖಲೆ ಅಳಿಸಿಕೊಡಿ ಅಂತ ಅರ್ಜಿ. ಮಾರಾಟಕ್ಕಲ್ಲ, ಪೂಜೆಗೆ, ಅದೂ ನನ್ನ ಹರಕೆಗೆ ಅಂತ ಈ ಹಾಳೆಗೆ ನಿಮ್ಮದೊಂದು ಸಹಿ ಬೇಕಿತ್ತು. ನೀವು ಬರ್ತೀರಿ ಅಂತ ನಾಲ್ಕು ಸಲ ಮುಂದಕ್ಕೆ ಹಾಕಿಸಿದೆ. ಮಾರ್ಚಲ್ಲಿ ವಜಾ ಆಯ್ತು."

"ನನ್ನ ವೀಸಾ... ಮಗಳ ಶಾಲೆ..."

"ಗೊತ್ತು. ಆಗಲೂ ಇದನ್ನೇ ಹೇಳಿದ್ರಿ."

"ಅವ ಒಂದೇ ಸಲ ಕೇಳಿದ್ದು ಸರ್. ಮತ್ತೆ ಕೇಳ್ಲೇ ಇಲ್ಲ. ಅವಸರ ಎಂತ ಭೋಜಣ್ಣ, ಮಗು ದೊಡ್ಡದಾಗ್ಲಿ ಅಂದ."

ರಾಜಗೋಪಾಲ ಕಂಕುಳಿನ ಫೈಲನ್ನು ಕೈಗೆ ತೆಗೆದುಕೊಂಡ. ಆಮೇಲೆ, "ಸತ್ತವರ ಅರ್ಜಿ ಯಾರೂ ನೋಡಲ್ಲ. ಖಲಾಸ್. ಹೆಸರು ಆ ಪುಸ್ತಕದಲ್ಲಿ ಹಾಗೇ ಇರುತ್ತೆ," ಎಂದ.

"ಪೆನ್ನು ಕೊಡಿ."

"ಪ್ರಯೋಜನ ಇಲ್ಲ ಅಂದ್ನಲ್ರೀ."

"ಕೊಡಿ ಸರ್."

ರಾಜಗೋಪಾಲ ಶಾಯಿಪೆನ್ನಿನ ಮುಚ್ಚಳ ಬಿಚ್ಚಿ ಕೊಟ್ಟು, ಹಸಿರು ಫೈಲನ್ನು ಮೇಜಿನಂತೆ ಹಿಡಿದು ನಿಂತ. ಭೋಜರಾಜ ಸಹಿ ಮಾಡಿದ. ಆ ತೇವದ ಗಾಳಿಯಲ್ಲಿ ಶಾಯಿ ಒಣಗಲಿಲ್ಲ.

ಚಿತೆಯ ಬಳಿ ಎಲ್ಲರೂ ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡುತ್ತಿದ್ದರು. ಸರದಿ ಬಂದಾಗ ಭೋಜರಾಜ ನೀರು ಬಿಟ್ಟು, ಬಾಗಿ, ಎದೆಯ ಮೇಲೆ ಜೋಡಿಸಿದ್ದ ಕೈಗಳನ್ನು ತುಸು ಸರಿಸಿದ. ಗ್ರೀಸಿನ ಕಪ್ಪು ಉಗುರ ಸಂದಿಯಿಂದ ಇನ್ನೂ ಹೋಗಿರಲಿಲ್ಲ. ಹಾಳೆಯನ್ನು ಅಂಗೈಯ ಅಡಿಗೆ ಸರಿಸಿ, ಬೆರಳುಗಳನ್ನು ಅದರ ಮೇಲೆ ಮತ್ತೆ ಮುಚ್ಚಿದ.

"ಎಂತ ಕಾಗದ ಅದು?" ಎಂದ ತುಕ್ರ.

ಭೋಜರಾಜನ ಬಾಯಿ ತೆರೆಯಿತು. ಸುತ್ತ ಊರಿನವರೆಲ್ಲ ಇದ್ದರು.

"ಅವನದ್ದೇ," ಎಂದ. "ನನ್ನತ್ರ ಉಳಿದಿತ್ತು."

ತುಕ್ರ ರಾಶಿಯ ಕಡೆ ಬಾಗಿದ. ಎದೆಯ ಮೇಲೆ ಒಂದು ಸೌದೆ ಇಟ್ಟ, ಇನ್ನೊಂದನ್ನು ಇಟ್ಟ. ಮೂರನೆಯದನ್ನು ಇಡುವ ಮುಂಚೆ ಭೋಜರಾಜನಿಗೆ ಸಂದಿಯಲ್ಲಿ ದೇಜಪ್ಪನ ಹೆಬ್ಬೆರಳು ಕಂಡಿತು. ಹಸಿ ಶಾಯಿ ತಾಗಿ ಅದರ ತುದಿ ನೀಲಿಯಾಗಿತ್ತು.