ಇಲ್ಲದ ನಾಲ್ಕು ಡ್ರಮ್ಮು

ಗಂಡ ತೀರಿಕೊಂಡ ಹದಿನೇಳನೆಯ ದಿನ ಪೇಪರಕ್ಕ ಕೆಲಸಕ್ಕೆ ಬಂದಳು. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವಳು ಪೇಪರಕ್ಕನೇ. ಆ ರಾಸಾಯನಿಕ ಕಂಪನಿಯಿಂದ ಹೊರಡುವ ಪ್ರತಿ ಲಾರಿಯ ಜೊತೆ ಹೋಗಬೇಕಾದ ಕಾಗದ ತಯಾರಿಸುವವಳು ಅವಳು. ಸರಕಿನ ಹೆಸರೇನು, ಉರಿಯುವಂಥದ್ದೋ ಚರ್ಮ ಸುಡುವಂಥದ್ದೋ, ತೂಕವೆಷ್ಟು, ಯಾವುದರಲ್ಲಿ ತುಂಬಿದೆ, ಅಂಥವು ಎಷ್ಟಿವೆ, ಎಲ್ಲವೂ ಅದರಲ್ಲಿರಬೇಕು. ಡ್ರಮ್ಮಾದರೆ ಡ್ರಮ್ಮು, ಕ್ಯಾನಾದರೆ ಕ್ಯಾನು, ಪೆಟ್ಟಿಗೆಯಾದರೆ ಪೆಟ್ಟಿಗೆ. ಬರೀ ‘ಇಪ್ಪತ್ತು’ ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ದಾರಿಯಲ್ಲಿ ಹೆಚ್ಚುಕಮ್ಮಿ ಆದರೆ, ಓಡಿ ಬಂದವರಿಗೆ ಲಾರಿಯಲ್ಲಿ ಏನಿತ್ತೆಂದು ಹೇಳಲು ಆ ಒಂದು ಹಾಳೆಯೇ ಗತಿ.

ಗೋದಾಮಿನ ಸ್ಟೋರ್‌ಕೀಪರ್ ಆಗಿದ್ದವನು ಅವಳ ಗಂಡನೇ. ಇಪ್ಪತ್ತೆರಡು ವರ್ಷ ಅಲ್ಲಿಂದ ಫೋನ್ ಮಾಡಿ ಅವನು ಹೇಳುವುದು, ಇಲ್ಲಿ ಅವಳು ಬರೆಯುವುದು.

“ಬರ್ಕೊಳೇ. ಪ್ಲಾಸ್ಟಿಕ್ ಡ್ರಮ್ಮು, ನೀಲಿ, ಹನ್ನೆರಡು. ರಟ್ಟಿನ ಪೆಟ್ಟಿಗೆ ಮೂರು, ಒಳಗೆ ಬಾಟ್ಲಿ.”

ಬಣ್ಣ ಯಾರಿಗೂ ಬೇಕಿಲ್ಲ ಎಂದು ಎಷ್ಟು ಸಲ ಹೇಳಿದರೂ ಬಣ್ಣ ಹೇಳದೆ ಬಿಡುವ ಪೈಕಿಯಲ್ಲ ಅವನು. ಒಂದು ಸೋಮವಾರ ಬೆಳಿಗ್ಗೆ ಎಣಿಸುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ. ಮತ್ತೆ ಏಳಲಿಲ್ಲ.

ಅವಳು ಅಳಲಿಲ್ಲ. ಬಂದ ನೆಂಟರು ಕಲ್ಲಾಗಿಬಿಟ್ಟಿದ್ದಾಳೆ ಎಂದು ಪಿಸುಗುಟ್ಟಿ ಹೋದರು. ಜೊತೆಗಿರಲೆಂದು ಉಳಿದುಕೊಂಡ ನಾದಿನಿ, “ಅತ್ತಿಗೆ, ಒಂದ್ಸಲ ಅತ್ತುಬಿಡಿ, ಹಗುರ ಆಗುತ್ತೆ,” ಎಂದರೆ, “ಬರ್ತಿಲ್ವಲ್ಲೇ,” ಎಂದಳು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎನ್ನುವ ಹಾಗೆ. ಹೊತ್ತುಹೊತ್ತಿಗೆ ಸ್ನಾನ ಮಾಡಿದಳು, ಇಟ್ಟದ್ದನ್ನು ಉಂಡಳು. ರುಚಿ ಕೇಳಿದ್ದರೆ ಹೇಳಲು ಅವಳಿಗೆ ತಿಳಿಯುತ್ತಿರಲಿಲ್ಲ.

“ಇನ್ನೊಂದು ವಾರ ಬಿಟ್ಟು ಬರಬಹುದಿತ್ತಲ್ಲಕ್ಕ?” ಎಂದ ಮ್ಯಾನೇಜರ್.

“ಮನೇಲಿದ್ದು ಏನ್ ಮಾಡ್ಲಿ ಸಾರ್?”

ಕಂಪ್ಯೂಟರಿನ ಮೇಲಿನ ಧೂಳು ಒರೆಸಿ ಅವಳು ಕುಳಿತಳು.

ಹತ್ತು ಗಂಟೆಗೆ ಗೋದಾಮಿನಿಂದ ಫೋನ್ ಬಂತು. ಈಗಿನ ಸ್ಟೋರ್‌ಕೀಪರ್ ಪೇಂಟ್ ವಿಭಾಗದಿಂದ ಬಂದವನು, ನಿವೃತ್ತಿಗೆ ಹತ್ತಿರದವನು. ಬಾಯಿಬಿಟ್ಟರೆ ಮುತ್ತು ಉದುರೀತೆಂದು ಹೆದರುವ ಆಸಾಮಿ. ಯಾರು ಏನೇ ಕೇಳಿದರೂ ಹೂಂಗುಟ್ಟುತ್ತಿದ್ದುದರಿಂದ ಕೂಲಿಗಳು ಅವನಿಗೆ ‘ಹೂಂ ಸಾಹೇಬ’ ಎಂದು ಹೆಸರಿಟ್ಟಿದ್ದರು.

“ಹೈಡ್ರೋಕ್ಲೋರಿಕ್ ಆಸಿಡ್. ಇಪ್ಪತ್ನಾಲ್ಕು,” ಎಂದ.

“ಡ್ರಮ್ಮಾ?”

“ಹೂಂ.”

ಬೇರೆ ದಿನವಾಗಿದ್ದರೆ ಅವಳು ಎದ್ದು ಹೋಗಿ ನೋಡುತ್ತಿದ್ದಳು. ಹೊಸಬರ ಮಾತಿನ ಮೇಲೆ ಬರೆಯಬಾರದು ಎಂಬುದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಆದರೆ ಗೋದಾಮಿಗೆ ಹೋಗುವುದೆಂದರೆ ಆ ಮೇಜು, ಆ ಕುರ್ಚಿ. ಅವಳ ಬೆರಳುಗಳು ತಮ್ಮ ಪಾಡಿಗೆ ತಾವು ‘24 ಡ್ರಮ್’ ಎಂದು ಒತ್ತಿದವು. ಸಹಿ ಹಾಕಿದಳು. ಚಾಲಕ ಬಂದು, “ಹೆಂಗಿದೀರಕ್ಕ?” ಎಂದು ಕೇಳಿ, ಉತ್ತರಕ್ಕೆ ಕಾಯಲಾರದೆ, ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದ.

ಮಧ್ಯಾಹ್ನ ಒಂದೂವರೆಗೆ ಆ ಲಾರಿ ಕಾಲುವೆಯ ಸೇತುವೆಯ ಬಳಿ ಮಗುಚಿತು. ಎದುರಿಗೆ ಬಂದ ಬಸ್ಸನ್ನು ತಪ್ಪಿಸಲು ಹೋಗಿದ್ದ ಚಾಲಕನ ಭುಜ ಮುರಿದಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಕಂಪನಿಗೆ ಸುದ್ದಿ ಬಂದಾಗ ಕೆಲವರು ಓಡಿಹೋದರು. ಅವಳು ಕುಳಿತಲ್ಲೇ ಕುಳಿತಿದ್ದಳು. ತನಗೆ ಗಾಬರಿಯಾಗಬೇಕಿತ್ತು ಎಂದು ಅವಳಿಗೆ ಅನ್ನಿಸಿತು. ಆಗಲಿಲ್ಲ.

ಐದು ಗಂಟೆಯಾಗುತ್ತಾ ಬಂದಾಗ ಅವಳ ಮೇಜಿನ ಫೋನ್ ಬಡಿದುಕೊಂಡಿತು. ತುರ್ತಿಗೆಂದು ಕಾಗದದ ಮೇಲೆ ಅಚ್ಚಾಗಿರುವುದು ಅದೇ ನಂಬರು. ಅಗ್ನಿಶಾಮಕ ದಳದ ಅಧಿಕಾರಿ ಮಾತಾಡುತ್ತಿದ್ದ.

“ನಿಮ್ಮ ಪೇಪರಲ್ಲಿ ಇಪ್ಪತ್ನಾಲ್ಕು ಡ್ರಮ್ ಅಂತಿದೆ. ನಮಗೆ ಸಿಕ್ಕಿರೋದು ಇಪ್ಪತ್ತು. ಒಂದು ಒಡೆದಿದೆ, ಹತ್ತೊಂಬತ್ತು ಸರಿಯಾಗಿವೆ. ಉಳಿದ ನಾಲ್ಕು ಕಾಲುವೆಗೆ ಬಿದ್ದಿರಬೇಕು ಅಂತ ಮೂರು ಗಂಟೆಯಿಂದ ಇಬ್ಬರು ನೀರಲ್ಲಿ ಹುಡುಕ್ತಿದಾರೆ. ಕೆಳಗಿನ ಊರಿನವರಿಗೆ ನೀರು ಮುಟ್ಟಬೇಡಿ ಅಂತ ಹೇಳಿದ್ದಾಗಿದೆ. ಇಪ್ಪತ್ನಾಲ್ಕೇ ತಾನೆ?”

“ಒಂದ್ನಿಮಿಷ ಇರಿ,” ಎಂದು ಅವಳು ಎದ್ದಳು.

ಅಂಗಳ ದಾಟಿ ಗೋದಾಮಿಗೆ ಹೋದಳು. ಮೇಜು ಅಲ್ಲೇ ಇತ್ತು, ಕುರ್ಚಿಯೂ. ಹೂಂ ಸಾಹೇಬ ಎದ್ದು ನಿಂತ.

“ಬೆಳಿಗ್ಗೆ ಏನ್ ಲೋಡ್ ಮಾಡಿದ್ರಿ? ಎಣಿಸಿ ಹೇಳಿ.”

“ಇಪ್ಪತ್ತು ಡ್ರಮ್ಮು. ನಾಲ್ಕು ಮರದ ಪೆಟ್ಟಿಗೆ, ಲ್ಯಾಬಿನವು. ಒಳಗೆ ಅದೇ ಆಸಿಡ್, ಗಾಜಿನ ಬಾಟ್ಲೀಲಿ.” ಅವನ ಮುಖ ಸಪ್ಪಗಾಯಿತು. “ಡ್ರಮ್ಮಾ ಅಂದ್ರಿ, ಹೆಚ್ಚಿನವು ಡ್ರಮ್ಮೇ ಅಲ್ವಾ ಅಂತ ಹೂಂ ಅಂದೆ ತಾಯಿ.”

ಅವಳು ಅವನನ್ನು ಬೈಯಲಿಲ್ಲ. ಹಿಂದೆಯೇ ಬಂದಿದ್ದ ಮ್ಯಾನೇಜರ್ ಮೆಲ್ಲಗೆ ಹೇಳಿದ: “ಅಕ್ಕ, ದುಡುಕಬೇಡಿ. ಲೆಕ್ಕ ನೋಡ್ತಿದೀವಿ ಅಂತ ಹೇಳಿ. ನಮ್ಮ ಹತ್ರ ಇರೋ ಕಾಪಿ ಒಂದ್ಸಲ ತಿದ್ದಿ...”

“ನೀರೊಳಗೆ ಜನ ಇದಾರೆ ಸಾರ್,” ಎಂದು ಅವಳು ಗಂಡನ ಮೇಜಿನ ಮೇಲಿದ್ದ ಫೋನನ್ನೇ ಎತ್ತಿ ಕಾಯುತ್ತಿದ್ದ ಅಧಿಕಾರಿಯ ಕರೆಯನ್ನು ಅಲ್ಲಿಗೆ ಹಾಕಿಸಿಕೊಂಡಳು.

“ಕೇಳಿಸ್ಕೊಳ್ಳಿ. ನಾಲ್ಕು ಡ್ರಮ್ಮು ಇಲ್ಲ, ಇರಲೇ ಇಲ್ಲ. ಪೇಪರ್ ತಪ್ಪು, ನಾನೇ ಬರೆದದ್ದು. ಮರದ ಪೆಟ್ಟಿಗೆ ನಾಲ್ಕು, ಮೊಣಕಾಲೆತ್ತರದವು. ಒಂದೊಂದರಲ್ಲಿ ಆರು ಗಾಜಿನ ಬಾಟ್ಲಿ, ಅದರಲ್ಲೂ ಅದೇ ಆಸಿಡ್. ಅಲ್ಲಿ ಮುರಿದ ಹಲಗೆ ಬಿದ್ದಿದ್ರೆ ಅದು ಲಾರೀದು ಅಂದ್ಕೋಬೇಡಿ. ಹತ್ರ ಯಾರನ್ನೂ ಬಿಡಬೇಡಿ.”

ಆ ಕಡೆ ಅಧಿಕಾರಿ ಯಾರನ್ನೋ ಕೂಗಿದ್ದು ಕೇಳಿಸಿತು. ನಡೆದದ್ದು ಆಮೇಲೆ ತಿಳಿಯಿತು: ನೀರಿಗಿಳಿದವರ ಹಗ್ಗ ಹಿಡಿದು ದಂಡೆಯ ಮೇಲಿದ್ದ ದಳದವನೊಬ್ಬ ಒಡೆದ ಹಲಗೆಗಳ ಮೇಲೆಯೇ ಬಹಳ ಹೊತ್ತು ಮೊಣಕಾಲೂರಿ ಕುಳಿತಿದ್ದ. ವಾಸನೆ ಇತ್ತು, ಆದರೆ ಅದು ಒಡೆದ ಡ್ರಮ್ಮಿನದೆಂದು ಎಲ್ಲರೂ ತಿಳಿದಿದ್ದರು; ಮೊಣಕಾಲಿನ ಒದ್ದೆಯನ್ನು ಅವನು ಕಾಲುವೆಯ ನೀರೆಂದುಕೊಂಡಿದ್ದ. ಎಬ್ಬಿಸುವ ವೇಳೆಗೆ ಪ್ಯಾಂಟಿನ ಬಟ್ಟೆ ಚರ್ಮಕ್ಕೆ ಕಚ್ಚಿಕೊಂಡಿತ್ತು.

ವಿಚಾರಣೆ ನಡೆಯಿತು. ನೋಡದೆ ಯಾಕೆ ಬರೆದಿರಿ ಎಂದು ಕೇಳಿದಾಗ, “ನೋಡಲಿಲ್ಲ, ಅಷ್ಟೇ,” ಎಂದಳು. ಗಂಡ ಸತ್ತ ವಿಷಯ ಅವಳು ಎತ್ತಲಿಲ್ಲ. ಮ್ಯಾನೇಜರೇ ಎತ್ತಿದ, ಕಾಪಿ ತಿದ್ದುವ ಮಾತಾಡಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ. ಎರಡು ತಿಂಗಳು ಅವಳು ಕಾಗದ ಬರೆಯುವಂತಿಲ್ಲ ಎಂದಾಯಿತು. ಆಮೇಲೂ ಕಣ್ಣಾರೆ ಕಾಣದೆ ಯಾರೂ ಸಹಿ ಹಾಕುವಂತಿಲ್ಲ ಎಂಬ ಸುತ್ತೋಲೆ ಹೊರಟಿತು. ಹೂಂ ಸಾಹೇಬನಿಗೂ ಒಂದು ನೋಟಿಸು ಬಂತು. ಅವನು ಅದನ್ನು ಓದಿ ಹೂಂ ಎಂದನಂತೆ.

ಮುಂದಿನ ವಾರ ಅವಳು ಆಸ್ಪತ್ರೆಗೆ ಹೋದಳು. ಸುಟ್ಟ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದವನು ಮೂವತ್ತೈದರ ಆಸುಪಾಸಿನವನು. ತಾನು ಯಾರೆಂದು ಹೇಳಿ, ಅವನು ಎರಡು ಮಾತು ಅನ್ನಲಿ ಎಂದು ಕಾದು ನಿಂತಳು.

“ಓ, ಆ ಡ್ರಮ್ಮಿನವರು ನೀವೇನಾ?” ಎಂದು ಅವನು ಎದ್ದು ಕೂರಲು ನೋಡಿದ. “ನಂದು ಬಿಡಿ. ನೀರಿಗಿಳಿದಿದ್ದನಲ್ಲ ನಮ್ಮವನೊಬ್ಬ, ಎರಡು ಗಂಟೆ ಕೆಸರಲ್ಲಿ ಕೈಯಾಡ್ಸಿ ಒಂದು ಹಳೇ ಸೈಕಲ್ ತಂದಿದಾನೆ. ಅದನ್ನ ಯಾವ ಪೇಪರಲ್ಲಿ ಬರೆಯೋದು ಅಂತ ಕೇಳ್ತಿದ್ದ.”

ಅವಳಿಗೆ ನಗು ಬಂತು, ಅರ್ಧಕ್ಕೇ ನಿಂತಿತು.

“ತಪ್ಪಾಯ್ತಪ್ಪ,” ಎಂದಳು.

“ಚರ್ಮ ತಾನೆ, ಬರುತ್ತೆ ಅಂದಿದಾರೆ. ಆದ್ರೆ ಹೇಗೆ ತಪ್ಪಿತು ಅಂತ? ಇಷ್ಟು ವರ್ಷದವರು ನೀವು.”

“ಮೊದಲು ನಮ್ಮ ಯಜಮಾನ್ರು ಎಣಿಸಿ ಹೇಳ್ತಿದ್ರು. ನಾನು ಬರೀತಿದ್ದೆ.”

“ಈಗ?”

“ಈಗ ಅವರಿಲ್ಲ.”

ಇಷ್ಟು ದಿನ ಬೇರೆಯವರೇ ಹೇಳಿದ್ದ ಮಾತು ಅದು. ತಾನು ಹೇಳಿದ್ದು ಅದೇ ಮೊದಲು ಎಂದು ಅವಳಿಗೆ ಹೇಳಿದ ಮೇಲೆ ಹೊಳೆಯಿತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ಅವನು ಏನೂ ಕೇಳದೆ ನೀರಿನ ಲೋಟ ಅವಳ ಕಡೆ ಸರಿಸಿದ. ಪೂರ್ತಿ ಕುಡಿದಳು. ಕಣ್ಣು ಒಣಗಿಯೇ ಇತ್ತು.

ಮನೆಗೆ ಬಂದಾಗ ನಾದಿನಿ ಬಾಗಿಲಲ್ಲೇ ನಿಂತಿದ್ದಳು. “ಎಲ್ಲಿಗ್ ಹೋಗಿದ್ರಿ ಅತ್ತಿಗೆ? ಹೇಳಿ ಹೋಗಬಾರ್ದಾ?”

“ಹೇಳ್ತೀನಿ ಬಾ,” ಎಂದು ಅವಳು ಚಪ್ಪಲಿ ಬಿಟ್ಟಳು. “ಮೊದಲು ತಿನ್ನೋಕೆ ಏನಾದ್ರೂ ಕೊಡು. ಹಸಿವಾಗ್ತಿದೆ ಕಣೇ.”