ಹಿಂದಿನಿಂದ ಬರುವ ದನಿ

ಟಕ್ ಟಕ್ ಟಕ್, ಮತ್ತೆ ಶುರುವಾಯಿತು ಕಿವಿಯೊಳಗೆ, ಇದರ ಜೊತೆಗೇ ಹೋಗಬೇಕಂತೆ, ಹಿಂದೆ ಬೀಳಬಾರದು ಮುಂದೆ ಓಡಬಾರದು, ನಂಜಿ ನಾನು, ಇಷ್ಟು ವರ್ಷ ಯಾವ ಟಕ್ ಟಕ್ ಕೇಳಿಕೊಂಡು ಹಾಡಿದ್ದೇನೆ, ಸೋಲೂರಿನ ಸುತ್ತ ಯಾವ ಹಟ್ಟಿಯಲ್ಲಿ ಮದುವೆಯಾದರೂ ಹೊಸ ಸೊಸೆ ಮೊದಲ ಕೊಡ ನೀರು ಹೊತ್ತು ಬರುವಾಗ ಹಾಡು ಎತ್ತುವವಳು ನಾನು, ಹಿಂದೆ ಹೇಳುವವಳು ವಸಂತಾಮಣಿ, ತಾಳ ತಪ್ಪಿತು ಎಂದು ಒಬ್ಬರಾದರೂ ಅಂದಿದ್ದಾರೆಯೇ — ಇವತ್ತು ಊಟಿಯ ಈ ಬೇಕರಿಯ ಮೇಲಿನ ಕೋಣೆಯಲ್ಲಿ, ಗೋಡೆಗೆಲ್ಲ ಸ್ಪಂಜು ಅಂಟಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತ ಕಾರ್ತಿ ಹೇಳುತ್ತಾನೆ, ಹೆತ್ತೆ, ನಿಮಗೆ ಟೈಮಿಂಗ್ ನಿಲ್ತಾ ಇಲ್ಲ. ಹೆತ್ತೆಯಂತೆ! ಇವನಿಗೆ ಅಜ್ಜಿಯಾಗುವಷ್ಟು ವಯಸ್ಸು ನನಗೆ ಎಲ್ಲಿ ಆಗಿದೆ, ಮೊನ್ನೆ ತಾನೇ ಇಳಿಜಾರಿನ ತೋಟದಲ್ಲಿ ದಿನವಿಡೀ ನಿಂತು ಎಲೆ ಕಿತ್ತಿದ್ದೇನೆ. ಕೆಳಗಿನಿಂದ ವರ್ಕಿ ಬಿಸ್ಕತ್ತು ಬೇಯುವ ವಾಸನೆ ಬರುತ್ತಿದೆ, ಹೊಟ್ಟೆ ಚುರುಗುಟ್ಟುತ್ತದೆ, ಬೆಳಿಗ್ಗೆ ಬಸ್ಸಿಗೆ ಓಡಿ ಬಂದವರು ನಾವಿಬ್ಬರೂ ಏನೂ ತಿಂದಿಲ್ಲ, ವಸಂತಾಮಣಿಯಂತೂ ಪೆಟ್ಟಿಗೆಯಲ್ಲಿಟ್ಟಿದ್ದ ಹೊಸ ಬಿಳಿ ತಲೆಬಟ್ಟೆ, ನಮ್ಮ ಪಟ್ಟು, ತೆಗೆದು ಕಟ್ಟಿಕೊಂಡು ಬಂದಿದ್ದಳು, ನನ್ನ ಗಂಟಲಿಗೆಂದು ಫ್ಲಾಸ್ಕಿನಲ್ಲಿ ಬಿಸಿನೀರು ಬೇರೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಿದ್ದೆವು, ಈ ಹಾಡನ್ನು ರೆಕಾರ್ಡಿನಲ್ಲಿ ಹಿಡಿದು ಊರಿಗೆಲ್ಲ ಕೇಳಿಸುತ್ತೇನೆ ಎಂದು ಕರೆಸಿಕೊಂಡ ಗಿರಿಧರನ್ ಬಾಗಿಲಲ್ಲೇ ಅಂದ, ಒಬ್ರು ಸಾಕಕ್ಕ, ಇನ್ನೊಂದು ವಾಯ್ಸ್ ಕಂಪ್ಯೂಟರೇ ಮಾಡ್ಕೊಳ್ಳುತ್ತೆ, ಅವ್ರು ಹೊರಗೆ ಕೂತಿರಲಿ. ಅವಳು ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು ಗಾಜಿನ ಬಾಗಿಲಿನ ಆಚೆ ಬೆಂಚಿನ ಮೇಲೆ ಹೋಗಿ ಕೂತಳು, ನಾನು ಬಾಯಿ ತೆರೆಯುವಷ್ಟರಲ್ಲಿ ಕಾರ್ತಿ ಈ ಹೆಡ್‌ಫೋನಿನ ಬಟ್ಟಲುಗಳನ್ನು ನನ್ನ ಕಿವಿಗೆ ಸಿಕ್ಕಿಸಿಬಿಟ್ಟಿದ್ದ.

ಒಂದು ದನಿಯನ್ನು ಎರಡು ಮಾಡುತ್ತದಂತೆ, ಮಾಡಲಿ, ಆದರೆ ಅವಳ ದನಿ ನನ್ನದರ ಹಾಗೆ ಎಲ್ಲಿದೆ, ನನ್ನದು ಚೂಪು, ಅವಳದು ಸ್ವಲ್ಪ ಒರಟು, ಹಸಿ ಸೌದೆ ಹೊತ್ತಿಕೊಳ್ಳುವಾಗಿನ ಹಾಗೆ, ಆ ಒರಟು ಬಂದು ತಗುಲಿದರೇ ಹಾಡು ಗಟ್ಟಿಯಾಗಿ ನೆಲೆ ನಿಲ್ಲುವುದು — ಕೊಡ ತುಂಬಿತು ನಡೆ ಕೂಸೇ, ಮನೆಯ ಬಾಗಿಲು, ಅಷ್ಟೇ, ಅಲ್ಲಿಗೆ ಬಿಡುತ್ತೇನೆ, ತೆರೆದಿದೆ ಎನ್ನುವುದು ಅವಳ ಪಾಲಿನ ಮಾತು, ಪ್ರತಿ ಸಾಲಿನ ಕೊನೆಯ ಮಾತೂ ಹಿಂದೆ ಹೇಳುವವಳದೇ, ಅವಳು ಹೇಳಿ ಮುಗಿಸುವವರೆಗೆ ಎತ್ತುವವಳು ಬಾಯಿ ಹಾಕಬಾರದು, ನಮ್ಮಲ್ಲಿ ಅದಕ್ಕಿಂತ ಕೆಟ್ಟ ನಡತೆ ಇಲ್ಲ. ಆ ಮಾತು ಬರುವ ಮುಂಚೆ ಅವಳು ಒಂದು ಬೆರಳಿನಿಂದ ಕಿವಿಯ ಮೇಲಿನ ಪಟ್ಟನ್ನು ಮೆಲ್ಲಗೆ ಎತ್ತುತ್ತಾಳೆ, ನನ್ನ ದನಿ ಸರಿಯಾಗಿ ಬೀಳಲೆಂದು, ಆ ಬೆರಳು ಎದ್ದರೆ ನನಗೆ ಧೈರ್ಯ. ಇಲ್ಲಿ ಏನಾಯಿತು, ನಾನು ಬಾಗಿಲು ಎಂದು ಬಿಟ್ಟರೆ ಕಿವಿಯೊಳಗೆ ಹಿಂದಿನಿಂದ ಇನ್ನೊಂದು ಬಾಗಿಲು ಬಂತು, ನನ್ನದೇ ದನಿ, ಗೊತ್ತು, ನನಗೇನು ಮರುಳೇ, ಆದರೂ ಹಿಂದಿನಿಂದ ದನಿ ಬಂದರೆ ಸುಮ್ಮನಾಗುವುದು ಈ ಮೈಗೆ ರೂಢಿ, ಸುಮ್ಮನಾದೆ, ಅದು ಮುಗಿದ ಮೇಲೆ ಎತ್ತಿದೆ, ಅದು ಮತ್ತೆ ತಡವಾಗಿ ಬಂತು, ಮತ್ತೆ ಬಿಟ್ಟುಕೊಟ್ಟೆ, ಹೀಗೆ ಬಿಟ್ಟುಕೊಟ್ಟು ಬಿಟ್ಟುಕೊಟ್ಟು ಹಾಡು ತೆವಳತೊಡಗಿತು, ಟಕ್ ಟಕ್ ಎಲ್ಲಿಗೋ ಮುಂದೆ ಹೊರಟುಹೋಯಿತು, ಕಾರ್ತಿ ತಲೆ ಕೆರೆದುಕೊಂಡ, ಇನ್ನೊಂದ್ಸಲ ಹೆತ್ತೆ, ಇನ್ನೊಂದೇ ಒಂದ್ಸಲ. ಆ ಗಿರಿಧರನ್ ನನಗೆ ಕೇಳಿಸುವುದಿಲ್ಲ ಅಂದುಕೊಂಡು, ಇವ್ರ ಕೈಲಿ ಆಗಲ್ಲ ಕಾರ್ತಿ, ಮೋನಿಷಾನ ಕರೆಸೋಣ, ಇವ್ರದು ಮೊದಲಲ್ಲಿ ಸುಮ್ನೆ ಒಂದು ಆಲಾಪ ಇಟ್ಕೊಳ್ಳೋಣ. ಮೋನಿಷಾ! ರಿಸೆಪ್ಶನ್‌ಗಳಲ್ಲಿ ಮೈಕು ಹಿಡಿದು ಕುಣಿಯುವ ಹುಡುಗಿ, ಪಾಪ ಅವಳನ್ನು ಬೈದು ಏನು ಬಂತು, ಅವಳು ಕೊಡ ಹೊತ್ತಿಲ್ಲ, ಹೊತ್ತವಳ ಕುತ್ತಿಗೆ ಎಲ್ಲಿ ನೋಯುತ್ತದೆ ಎಂದು ಅವಳಿಗೆ ಗೊತ್ತಿಲ್ಲ, ಈ ಹಾಡು ಅವಳ ಬಾಯಲ್ಲಿ ಹೊರಟರೆ ನಾಳೆ ನಮ್ಮ ಹಟ್ಟಿಯ ಮಕ್ಕಳು ಅದನ್ನೇ ಹಾಡು ಅಂದುಕೊಳ್ಳುತ್ತಾರೆ, ಮೈ ಉರಿಯಿತು, ಇಷ್ಟು ಉರಿ ನನಗೆ ಯಾರ ಮೇಲೂ ಬಂದಿರಲಿಲ್ಲ.

ಕೊನೆಗೆ ಕಾರ್ತಿಗೇ ಏನನ್ನಿಸಿತೋ, ಬಟ್ಟಲನ್ನು ನನ್ನ ಕಿವಿಯಿಂದ ತೆಗೆದು ತಾನು ಹಾಕಿಕೊಂಡ, ಮೈಕಿಗೆ ಹಲೋ ಹಲೋ ಅಂದ, ಹಲ್ಲು ಕಿರಿದ. ಅಯ್ಯೋ, ಪ್ಲಗಿನ್ ಎಲ್ಲಾ ಆನ್ ಇಟ್ಟಿದೀನಿ ಅಣ್ಣ, ಲೇಟೆನ್ಸಿ, ಹೆತ್ತೆ ವಾಯ್ಸು ಅವ್ರಿಗೇ ಲೇಟಾಗಿ ಕೇಳಿಸ್ತಾ ಇದೆ. ದನಿಗೆ ಗುಡಿಯೊಳಗಿನ ಗುಂಗು ಕೊಡುವುದು ಒಂದಂತೆ, ಸ್ವರ ತಿದ್ದುವುದು ಒಂದಂತೆ, ಒಂದನ್ನು ಎರಡು ಮಾಡುವುದು ಇನ್ನೊಂದಂತೆ, ಕಲ್ಲಟ್ಟಿಯ ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸುವ ಹಾಗೆ ಒಂದೊಂದೂ ನನ್ನ ದನಿಯನ್ನು ತಡೆದು ನೋಡಿ ಬಿಡುತ್ತಿತ್ತಂತೆ. ತಡ ಮಾಡಿದ್ದು ಅದು, ಬೈಸಿಕೊಂಡದ್ದು ನಾನು! ತಪ್ಪಾಯಿತು ಎಂಬ ಒಂದು ಮಾತು, ಅದೂ ಇಲ್ಲ, ಗಿರಿಧರನ್ ಫೋನು ನೋಡುತ್ತಿದ್ದಾನೆ, ಕಾರ್ತಿ ಟಪಟಪ ಒತ್ತುತ್ತ, ಹಾಡುವಾಗ ಎಲ್ಲಾ ಆಫ್, ಬಫರ್ ಕೂಡ ಕಮ್ಮಿ ಮಾಡಿದೆ, ಈ ಅಲಂಕಾರ ಎಲ್ಲಾ ಆಮೇಲೆ ಹಾಕ್ಕೊಳ್ಳೋಣ, ಈಗ ಹಾಡಿ ಹೆತ್ತೆ, ಕ್ಲೀನಾಗಿರುತ್ತೆ.

ಕ್ಲೀನಾಗಿದೆ, ನಿಜ, ಟಕ್ ಟಕ್ ಟಕ್, ಬಾಯಿ ಬಿಟ್ಟ ಕೂಡಲೇ ನನ್ನ ದನಿ ನನ್ನ ಕಿವಿಗೆ, ಕೊಡ ತುಂಬಿತು, ನೋಡಿ, ಯಾರಿಗೆ ತಾಳ ಇಲ್ಲ, ನಡೆ ಕೂಸೇ, ಕಾರ್ತಿ ತಲೆ ಆಡಿಸುತ್ತಿದ್ದಾನೆ, ಗಿರಿಧರನ್ ಕೂಡ ಹೆಬ್ಬೆರಳು ಎತ್ತಿದ, ಮನೆಯ ಬಾಗಿಲು — ಹಿಂದಿನಿಂದ ಯಾರ ದನಿಯೂ ಇಲ್ಲ. ಟಕ್ ಟಕ್. ಖಾಲಿ. ಹಾಡಿ ಹೆತ್ತೆ, ನಿಲ್ಲಿಸ್ಬೇಡಿ, ಸೂಪರಾಗಿ ಬರ್ತಿತ್ತು, ಕೊನೇ ವರ್ಡ್ ನೀವೇ ಹೇಳ್ಬಿಡಿ, ಒಂದೇ ಒಂದು ವರ್ಡ್ ತಾನೇ. ಒಂದೇ ಒಂದು. ಅದು ನನ್ನದಲ್ಲವಲ್ಲ ಮಗನೇ, ಅವಳು ಬದುಕಿ ಅಲ್ಲೇ ಕೂತಿರುವಾಗ ಅವಳ ಮಾತನ್ನು ನಾನು ಹೇಗೆ ಹೇಳಲಿ, ಯಂತ್ರವನ್ನು ಆಮೇಲೆ ಸೇರಿಸಿಕೊಳ್ಳಬಹುದಂತೆ, ಅವಳನ್ನು ಮಾತ್ರ ಹೊರಗೇ ಇಟ್ಟಿದ್ದೀರಿ, ಮೋನಿಷಾಳನ್ನೇ ಕರೆಸಿಕೊಳ್ಳಿ, ಏನಾದರೂ ಮಾಡಿ, ನಾನು ಹೇಳುವುದಿಲ್ಲ, ಕಾಯುತ್ತೇನೆ, ಟಕ್ ಟಕ್ ಅದರ ಪಾಡಿಗೆ ಹೋಗಲಿ, ಟಕ್, ಗಾಜಿನ ಬಾಗಿಲು ಮುಚ್ಚಿದೆ, ದಪ್ಪ ಗಾಜು, ಆಚೆಗೆ ಏನೂ ಕೇಳಿಸುವುದಿಲ್ಲ, ನನ್ನ ತುಟಿಯನ್ನೇ ನೋಡುತ್ತ ಅವಳು ಬೆಂಚಿನಿಂದ ಎದ್ದು ನಿಂತಿದ್ದಾಳೆ, ಬಾಯಿ ಅರ್ಧ ತೆರೆದಿದೆ, ಹೊಸ ಬಿಳಿ ಪಟ್ಟು, ಒಂದು ಬೆರಳು, ಕಿವಿಯ ಮೇಲಿಂದ ಅದನ್ನು ಎತ್ತಿ ಹಿಡಿದಿದೆ.