ತುಪ್ಪದ ಡಬ್ಬಿ, ಬಿಸ್ಕತ್ ಡಬ್ಬಿ

ಹಳೆಯ ಮದುವೆ ಕಾಗದಗಳನ್ನು ಚೀಟಿಗಳಾಗಿ ಕತ್ತರಿಸುತ್ತ ಕೂತಿದ್ದ ಶೈಲಾಗೆ ಅರ್ಧ ಕೆಲಸ ಮುಗಿದ ಮೇಲೆ ನೆನಪಾಯಿತು: ಇವತ್ತು ಕೊನೆಯ ಕ್ಲಾಸು, ಹೊಸ ಚೀಟಿಗಳು ಬೇಕಿಲ್ಲ. ಕತ್ತರಿ ನಿಂತಿತು. ಕೈಯಲ್ಲಿದ್ದ ಕಾಗದದ ಮೇಲೆ ಬಂಗಾರದ ಬಣ್ಣದ ಗಣಪತಿಯ ಅರ್ಧ ಸೊಂಡಿಲು ಉಳಿದಿತ್ತು. ಅಷ್ಟಕ್ಕೇ ಬಿಡಲು ಮನಸ್ಸಾಗದೆ ಅದೊಂದನ್ನು ಮುಗಿಸಿದಳು. ಉಳಿದ ಕಾಗದಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಹಾರದಂತೆ ಕತ್ತರಿಯನ್ನು ಹೇರಿಟ್ಟಳು.

ವಿಜಯನಗರದ ಆ ಮನೆಯ ಮುಂದಿನ ಕೋಣೆ ಮೊದಲು ಸ್ಕೂಟರ್ ನಿಲ್ಲಿಸುವ ಜಾಗವಾಗಿತ್ತು. ಗೋಡೆ ಎಬ್ಬಿಸಿದ ಮೇಲೆ ಹಳೆಯ ಪೇಪರು, ಮುರಿದ ಫ್ಯಾನು, ನೀರಿನ ಡ್ರಮ್ಮು ಅಲ್ಲಿ ಸೇರಿಕೊಂಡವು. ಅವನ್ನೆಲ್ಲ ಸಾಗಿಸಿ, ಬೋರ್ಡು ನೇತುಹಾಕಿ, ಹೆಂಗಸರಿಗೆ ಇಂಗ್ಲಿಷ್ ಮಾತಾಡಲು ಕಲಿಸುವ ಕ್ಲಾಸು ಶುರುಮಾಡಿದವಳು ಅವಳೇ. ವಾರಕ್ಕೆರಡು ಮಧ್ಯಾಹ್ನ, ಮನೆಗೆಲಸ ಮುಗಿದ ಹೊತ್ತಿಗೆ. ಈಗ ಮಗಳು ಚೈತ್ರ ಹೆರಿಗೆಗೆ ಬರುತ್ತಿದ್ದಳು. ಅವಳಿಗೆ ಈ ಕೋಣೆ ಎಂದು ಯಾರು ತೀರ್ಮಾನಿಸಿದರೋ ಹೇಳುವುದು ಕಷ್ಟ. ಊಟ ಮಾಡುತ್ತಿದ್ದಾಗ ಗಂಡ ಚನ್ನವೀರೇಶ್, "ಮುಂದಿನ ರೂಮ್ ಹೇಗಿದ್ರೂ ಖಾಲಿ ಇದೆಯಲ್ಲ" ಅಂದಿದ್ದ. ಶೈಲಾ ಸಾರು ಬಡಿಸಿದ್ದಳು. ಚೈತ್ರ ಕೂಡ ಫೋನಿನಲ್ಲಿ, "ನಿನಗೂ ರೆಸ್ಟ್ ಆಗತ್ತೆ ಬಿಡಮ್ಮ, ಎಷ್ಟೂಂತ ಪಾಠ ಮಾಡ್ತೀಯ" ಅಂದಳು.

ಒಳಗೆ ಬಚ್ಚಲಿಗೆ ಹೊಂದಿಕೊಂಡ ಇನ್ನೊಂದು ಕೋಣೆ ಇತ್ತು. ಅತ್ತೆ ಸೊಂಟ ಮುರಿದುಕೊಂಡು ವರ್ಷಗಟ್ಟಲೆ ಮಲಗಿದ್ದ ಕೋಣೆ. ಅವರು ಹೋದ ಮೇಲೆ ಅಲ್ಲಿಗೆ ಟಿವಿ ಬಂತು, ಒರಗುಕುರ್ಚಿ ಬಂತು. ಬ್ಯಾಂಕಿನಿಂದ ನಿವೃತ್ತನಾದ ಚನ್ನವೀರೇಶನ ಹಗಲೆಲ್ಲ ಅಲ್ಲೇ ಕಳೆಯುತ್ತಿತ್ತು. ಆ ಕೋಣೆಯ ಮಾತನ್ನು ಯಾರೂ ಎತ್ತಿರಲಿಲ್ಲ.

ಮೊದಲು ಬಂದದ್ದು ಸುಂಕದಕಟ್ಟೆಯ ವೆಂಕಟಲಕ್ಷ್ಮಮ್ಮ. ಮೂರು ಮನೆ ಬಾಡಿಗೆಗೆ ಕೊಟ್ಟಿದ್ದರೂ ಹಿತ್ತಿಲಲ್ಲಿ ಒಂದು ಹಸು ಇಟ್ಟುಕೊಂಡಿದ್ದ ಹೆಂಗಸು. ಮೊಮ್ಮಗ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲವೆಂದು ಕ್ಲಾಸಿಗೆ ಸೇರಿದ್ದಳು. ಅವಳ ಹಿಂದೆಯೇ ಪಾರ್ಸೆಲ್ ತಲುಪಿಸುವ ಲಕ್ಷ್ಮಿ, ಹೆಲ್ಮೆಟ್ ಕೈಯಲ್ಲಿ. ಕೊನೆಗೆ ಅಕ್ಕವ್ವ. ಬಾಗಲಕೋಟೆ ಕಡೆಯವಳು, ಹೊಸಹಳ್ಳಿ ಮೆಟ್ರೋ ಹತ್ತಿರ ಜೋಳದ ರೊಟ್ಟಿ ಮಾಡಿ ಮಾರುತ್ತಾಳೆ. ಕ್ಲಾಸಿಗೆ ಹೊಸಬಳು.

ಕ್ಲಾಸು ನಿಲ್ಲುವ ಸುದ್ದಿಯನ್ನು ಪಾಠ ಮುಗಿದ ಮೇಲೆ ಹೇಳೋಣ ಎಂದು ಶೈಲಾ ಅಂದುಕೊಂಡಳು. ಚಾಪೆಯ ನಡುವೆ ಎರಡು ಡಬ್ಬಿಗಳನ್ನಿಟ್ಟಳು. ತುಪ್ಪದ ಡಬ್ಬಿಯಲ್ಲಿ ಗುಣ ಹೇಳುವ ಪದಗಳು: ಈಸಿ, ಹಾರ್ಡ್, ಹ್ಯಾಪಿ, ಅಫ್ರೇಡ್, ರೆಡಿ. ಬಿಸ್ಕತ್ ಡಬ್ಬಿಯಲ್ಲಿ ಜೋಡಿ ಕ್ರಿಯಾಪದಗಳು: ಗಿವ್ ಅಪ್, ಗೋ ಬ್ಯಾಕ್, ಲುಕ್ ಆಫ್ಟರ್, ಗೋ ಅಪ್. ಅದರಿಂದೊಂದು, ಇದರಿಂದೊಂದು ಚೀಟಿ ತೆಗೆದು, ನಡುವೆ 'ಟು' ಸೇರಿಸಿ ವಾಕ್ಯ ಹೇಳಬೇಕು. ವಾಕ್ಯ ಸ್ವಂತದ್ದಾಗಿರಬೇಕು, ನಿಜವಾಗಿರಬೇಕು. ಕೇಳಿದವರಿಗೆ ನಂಬಿಕೆ ಬರದಿದ್ದರೆ 'ಸುಳ್ಳು' ಅನ್ನಬಹುದು. ಆಗ ಮತ್ತೆ ಹೇಳಬೇಕು. ಮೊದಲ ಬ್ಯಾಚಿನ ಹೆಂಗಸರೆಲ್ಲ ತಮಗೆ ಬೆಳಗಿನ ಜಾವ ಏಳುವುದೆಂದರೆ ಬಲು ಖುಷಿ ಎಂದು ಗಿಳಿಪಾಠ ಒಪ್ಪಿಸಿದ್ದನ್ನು ಕೇಳಿ ಶೈಲಾ ಮಾಡಿದ ನಿಯಮ ಅದು.

ಲಕ್ಷ್ಮಿ ಚೀಟಿ ತೆಗೆದಳು. "ಐ ಆಮ್ ಅಫ್ರೇಡ್ ಟು ಗೋ ಅಪ್ ಇನ್ ದ ಲಿಫ್ಟ್."

"ಸ್ಕೂಟರಲ್ಲಿ ಊರೆಲ್ಲ ಸುತ್ತೋಳಿಗೆ ಲಿಫ್ಟ್ ಭಯವೇನೇ?" ಅಂದಳು ವೆಂಕಟಲಕ್ಷ್ಮಮ್ಮ.

"ಲಿಫ್ಟಲ್ಲ ಆಂಟಿ, ಅದ್ರೊಳಗೆ ನಾಯಿ ಇರತ್ತೆ. ಓನರ್ ಬೇರೆ 'ಏನೂ ಮಾಡಲ್ಲ, ಏನೂ ಮಾಡಲ್ಲ' ಅಂತಿರ್ತಾರೆ. ಅದು ನನ್ ಪಾರ್ಸೆಲ್ನ ಮೂಸ್ತಾ ಇರತ್ತೆ."

ವೆಂಕಟಲಕ್ಷ್ಮಮ್ಮನಿಗೆ ಹ್ಯಾಪಿ, ಲುಕ್ ಆಫ್ಟರ್ ಬಂದವು. ಗಂಟಲು ಸರಿಮಾಡಿಕೊಂಡು, "ಐ ಆಮ್ ಹ್ಯಾಪಿ ಟು ಲುಕ್ ಆಫ್ಟರ್ ಮೈ ಸೊಸೆ" ಅಂದಳು.

"ಸುಳ್ಳು!" ಇಬ್ಬರೂ ಒಟ್ಟಿಗೆ ಕೂಗಿದರು. ಶೈಲಾ ಕೂಡ ನಕ್ಕಳು.

"ಹೋಗ್ರೇ ನಿಮ್ಮ. ಸರಿ, ಐ ಆಮ್ ಹ್ಯಾಪಿ ಟು ಲುಕ್ ಆಫ್ಟರ್ ಮೈ ಹಸು." ಯಾರೂ ಸುಳ್ಳು ಅನ್ನಲಿಲ್ಲ. ಹಸುವಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಗೊತ್ತಿದ್ದರೂ ಅವಳು ಬೇಕೆಂದೇ ಬದಲಾಯಿಸಲಿಲ್ಲ.

ಅಕ್ಕವ್ವನ ಕೈಗೆ ಬಂದದ್ದು ಹಾರ್ಡ್, ಗೋ ಬ್ಯಾಕ್. ಅವಳು ಚೀಟಿಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದೊಂದೇ ಪದ ಜೋಡಿಸಿದಳು. "ಇಟ್ ಈಸ್ ಹಾರ್ಡ್ ಟು ಗೋ ಬ್ಯಾಕ್ ಟು ಮೈ ಊರು."

"ಯಾಕಕ್ಕ, ಊರು ಚೆನ್ನಾಗಿಲ್ವಾ?" ಕೇಳಿದಳು ಲಕ್ಷ್ಮಿ.

"ಊರು ಭಾಳ ಚಲೋ ಐತಿ. ಮಾವ, ಭಾವ ಎಲ್ಲಾರ ಮುಂದೂ ತಲಿ ಮ್ಯಾಲ ಸೆರಗ ಹೊತ್ಕೊಂಡ ಇರಬೇಕು. ಈಗ ಹ್ವಾದ್ರ ಎರಡ ದಿನಕ್ಕ ಕುತಗಿ ಹಿಡೀತೈತಿ." ಕುತ್ತಿಗೆ ತಿರುಗಿಸಿ ತೋರಿಸಿದಳು. ಎಲ್ಲರೂ ನಕ್ಕ ಮೇಲೆ, "ಈಗ ನೀವ್ರೀ ಮೇಡಂ" ಅಂದಳು.

ಈ ಪಾಠದ ಮೊದಲಿಗೆ ಶೈಲಾ ಪ್ರತಿ ಸಲ ಒಂದು ಮಾದರಿ ವಾಕ್ಯ ಹೇಳುತ್ತಿದ್ದಳು, ಇವತ್ತು ಮರೆತಿದ್ದಳು. ಅದೇ ವಾಕ್ಯ ಎಲ್ಲ ಬ್ಯಾಚಿಗೂ. ಎದ್ದು ನಿಂತು ಹೇಳಿದಳು: "ಐ ವಾಸ್ ಹ್ಯಾಪಿ ಟು ಗಿವ್ ಅಪ್ ಮೈ ಜಾಬ್."

"ಸುಳ್ಳು" ಅಂದಳು ಅಕ್ಕವ್ವ.

ಲಕ್ಷ್ಮಿ ಅವಳ ಮೊಣಕೈ ತಿವಿದಳು. "ಅಕ್ಕ, ಅದು ಎಕ್ಸಾಂಪಲ್. ಮೇಡಮ್ಗೆಲ್ಲ ಸುಳ್ಳು ಅನ್ನಂಗಿಲ್ಲ."

"ನನಗ ಯಾರೂ ಹೇಳಲಿಲ್ಲವಾ ಹಂಗಂತ." ಅಕ್ಕವ್ವ ಶೈಲಾಳ ಕಡೆ ತಿರುಗಿದಳು. "ತಪ್ಪ ಆತೇನ್ರೀ? ಪಾಠ ಹೇಳುವಾಗ ನೀವು ಯಾವಾಗ್ಲೂ ನಮ್ಮ ಮಾರಿ ನೋಡ್ತೀರಿ. ಇದನ್ನ ಹೇಳುವಾಗ ಬೋರ್ಡ್ ನೋಡಿದ್ರಿ. ಅದಕ್ಕ ಅಂದೆ."

ಹೊರಗೆ ಸೊಪ್ಪಿನ ಗಾಡಿಯವನು ಕೂಗುತ್ತ ಹೋದ. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ. ಶಾಲೆಯ ಟೀಚರ್ ಕೆಲಸ ಬಿಟ್ಟ ದಿನ ಸ್ಟಾಫ್ ರೂಮಿನಲ್ಲಿ ಜಾಮೂನು ಹಂಚಿದ್ದು ಶೈಲಾಗೆ ನೆನಪಿತ್ತು. ಯಾರೋ ಕೇಳಿದಾಗ ಖುಷಿಯಿಂದಲೇ ಬಿಡುತ್ತಿದ್ದೇನೆ ಅಂದಿದ್ದಳು. ಆಮೇಲೆ ನೆಂಟರ ಮುಂದೆ ಗಂಡ ಅದನ್ನೇ ಹೇಳಿದ, ಅತ್ತೆಯೂ ಹೇಳಿದರು. ಬರಬರುತ್ತ ಅವಳೂ ಅದನ್ನೇ ಬಾಯಿಪಾಠ ಮಾಡಿಕೊಂಡಳು.

"ತಪ್ಪೇನಿಲ್ಲ. ನಿಯಮ ಅಂದ್ಮೇಲೆ ನಿಯಮ" ಅಂದಳು. ಬಗ್ಗಿ ತುಪ್ಪದ ಡಬ್ಬಿಯಲ್ಲಿ ಕೈಯಾಡಿಸಿದಳು. ಕಣ್ಣು ಮುಚ್ಚದೆ, ಹುಡುಕಿ, ಒಂದು ಚೀಟಿ ತೆಗೆದಳು. ಈ ಸಲ ಅವರ ಮುಖ ನೋಡುತ್ತ ಹೇಳಿದಳು. "ಐ ವಾಸ್ ನಾಟ್ ರೆಡಿ ಟು ಗಿವ್ ಅಪ್ ಮೈ ಜಾಬ್."

ಯಾರೂ ಸುಳ್ಳು ಅನ್ನಲಿಲ್ಲ. ವೆಂಕಟಲಕ್ಷ್ಮಮ್ಮ ಕೇಳಿದಳು. "ಮತ್ಯಾಕ್ ಬಿಟ್ರಿ?"

"ಅತ್ತೆ ಬಿದ್ದಿದ್ರು. ನೋಡ್ಕೊಳೋಕೆ ಯಾರಾದ್ರೂ ಬೇಕಿತ್ತು."

"ನಿಮ್ಮೆಜಮಾನ್ರು?"

"ಅವರಿಗೆ ಬ್ಯಾಂಕಿತ್ತು."

"ನಿಮಗೂ ಸ್ಕೂಲಿತ್ತಲ್ಲ?" ಅಂದಳು ಲಕ್ಷ್ಮಿ. ಅಂದವಳೇ ಹೆಲ್ಮೆಟ್ಟಿನ ಪಟ್ಟಿ ಸರಿಮಾಡತೊಡಗಿದಳು.

ಗೇಟಿನ ಹತ್ತಿರ ಹಾರನ್ ಕೇಳಿಸಿತು. ಲಗೇಜ್ ಆಟೋದಲ್ಲಿ ಹೊಸ ಮಂಚ ಬಂದಿತ್ತು. ಇಬ್ಬರು ಮಂಚದ ತಲೆಭಾಗವನ್ನು ಹೊತ್ತು ತಂದು ಬಾಗಿಲಲ್ಲಿ ನಿಂತರು. "ಆಂಟಿ, ಮುಂದಿನ ರೂಮ್ ಅಂತ ಸಾರ್ ಹೇಳಿದ್ರು. ಇದೇನಾ? ಸ್ವಲ್ಪ ಜಾಗ ಬಿಡ್ರಮ್ಮ."

ಹೆಂಗಸರು ಎದ್ದರು. ಅಕ್ಕವ್ವ ಎರಡೂ ಡಬ್ಬಿಗಳನ್ನು ಎತ್ತಿ ಎದೆಗವಚಿಕೊಂಡಳು, ಲಕ್ಷ್ಮಿ ಚಾಪೆ ಸುತ್ತಿದಳು. ವೆಂಕಟಲಕ್ಷ್ಮಮ್ಮ ಮಂಚವನ್ನೂ ಶೈಲಾಳನ್ನೂ ನೋಡಿದಳು. "ಮಗಳಿಗಾ? ಈ ರೂಮಿಗಾ? ರೋಡಿನ ಧೂಳು, ಹಾರನ್ನು. ಬಾಣಂತಿಗೆ ಬಚ್ಚಲು ಹತ್ರ ಇರ್ಬೇಕು ಕಣಮ್ಮ." ಆಮೇಲೆ ದನಿ ಇಳಿಸಿದಳು. "ಹಂಗಾದ್ರೆ ಕ್ಲಾಸು?"

ಹೇಳಬೇಕಾದದ್ದನ್ನು ಹೇಳಲು ಇದೇ ಸರಿಯಾದ ಹೊತ್ತು. ಶೈಲಾ ಬೆಳಗ್ಗಿನಿಂದ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಅವುಗಳಲ್ಲಿ ಖುಷಿ ಅನ್ನುವ ಪದವೂ ಇತ್ತು.

"ಒಳಗಡೆ ರೂಮಿಗೆ ತಗೊಂಡ್ ಹೋಗಪ್ಪ" ಅಂದಳು ಹೊತ್ತವರಿಗೆ. "ಬಚ್ಚಲ ಪಕ್ಕದ್ದು. ಅಲ್ಲಿರೋ ಒರಗುಕುರ್ಚಿ, ಟಿವಿ ಎರಡನ್ನೂ ಹಾಲಿಗೆ ಇಟ್ಬಿಡಿ."

ಲಕ್ಷ್ಮಿ ಸುತ್ತಿದ್ದ ಚಾಪೆಯನ್ನು ಮತ್ತೆ ಹಾಸಿದಳು.

ಮಂಚ ಜೋಡಿಸಿದವರೂ ಪಾಠಕ್ಕೆ ಬಂದವರೂ ಹೋದ ಮೇಲೆ ಫೋನ್ ಬಂತು. ಚನ್ನವೀರೇಶ್ ಕೆಂಗೇರಿಯಲ್ಲಿ ಸ್ನೇಹಿತರ ಗೃಹಪ್ರವೇಶಕ್ಕೆ ಹೋಗಿದ್ದ. ಹಿಂದೆ ಊಟದ ಪಂಕ್ತಿಯ ಗಲಾಟೆ.

"ಮಂಚ ಬಂತೇನೆ?"

"ಬಂತು."

"ಹಾಕಿಸಿದ್ಯಾ?"

"ಹಾಕಿಸ್ದೆ."

"ಕ್ಲಾಸಿನೋರಿಗೆ ಹೇಳಿದ್ಯಾ? ಬೇಜಾರು ಮಾಡ್ಕೊಂಡ್ರಾ?"

"ಇಲ್ಲ, ಯಾರೂ ಮಾಡ್ಕೊಳ್ಳಲಿಲ್ಲ" ಅಂದಳು ಶೈಲಾ. "ಮಜ್ಜಿಗೆ ಕುಡಿದು ಬನ್ನಿ, ಬಿಸಿಲಿದೆ."

ಫೋನಿಟ್ಟು ಮುಂದಿನ ಕೋಣೆಗೆ ಬಂದಳು. ಅಕ್ಕವ್ವ ಹೋಗುವ ಮುನ್ನ ಡಬ್ಬಿಗಳನ್ನು ಬೋರ್ಡಿನ ಕೆಳಗೆ ಒಂದರ ಪಕ್ಕ ಒಂದು ಇಟ್ಟಿದ್ದಳು. ಶೈಲಾ ಕಿಟಕಿಯ ಕಟ್ಟೆಯಿಂದ ಮದುವೆ ಕಾಗದಗಳನ್ನು ತೆಗೆದುಕೊಂಡು, ಚಾಪೆಯ ಮೇಲೆ ಕೂತು, ಉಳಿದವನ್ನು ಕತ್ತರಿಸತೊಡಗಿದಳು.